ಉಳುಕು ತೆಗೆಯುವ ಕಾಲು

ಮುಬೀನಾ ಹುಟ್ಟಿದ್ದು ಕಾಲು ಮುಂದು ಮಾಡಿಕೊಂಡು. ಎಲ್ಲ ಕೂಸುಗಳೂ ತಲೆಯಿಂದ ಬಂದರೆ ಈ ಮಹಾರಾಯ್ತಿ ಮೊದಲು ಎಡಗಾಲು ಹೊರಗೆ ಚಾಚಿ, ನೆಲ ಗಟ್ಟಿಯಿದೆಯೇ ಎಂದು ನೋಡಿಕೊಂಡು, ಆಮೇಲೆ ಉಳಿದ ಮೈಯನ್ನು ತಂದಳು ಎಂದು ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಈಗಲೂ ತಮಾಷೆ ಮಾಡುತ್ತಾರೆ. ಅವಳ ತಾಯಿ ಗುಲ್ಜಾರ್ ಬೀಗೆ ಮಾತ್ರ ಅದು ತಮಾಷೆಯಲ್ಲ. ಆ ಹೆರಿಗೆಯಲ್ಲಿ ಆಕೆ ಸತ್ತು ಬದುಕಿದವಳು. ಎದ್ದು ಕೂರುವಷ್ಟು ಶಕ್ತಿ ಬಂದ ಮೇಲೆ ಕೂಸಿನ ಎಡಗಾಲನ್ನು ಹಿಡಿದು ಕಣ್ಣಿಗೊತ್ತಿಕೊಂಡಳಂತೆ.

ಯಾಕೆಂದರೆ ಕಾಲು ಮುಂದಾಗಿ ಹುಟ್ಟಿದವರ ಕಾಲಿಗೆ ಒಂದು ಶಕ್ತಿಯಿದೆ ಎಂದು ನಮ್ಮ ಕಡೆಯ ನಂಬಿಕೆ. ಸೊಂಟ ಹಿಡಿದರೆ, ಕುತ್ತಿಗೆ ಉಳುಕಿದರೆ, ಪಾದ ಹೊರಳಿದರೆ ಬರಿಹೊಟ್ಟೆಯಲ್ಲಿ ಅಂಥವರ ಹತ್ತಿರ ಹೋಗಿ ಮಲಗಬೇಕು. ಅವರು ಎಡಗಾಲಿನ ಹಿಮ್ಮಡಿಯಿಂದ ಉಳುಕಿದ ಜಾಗವನ್ನು ತುಳಿದು ನೀವಿದರೆ ಉಳುಕು ಇಳಿಯುತ್ತದೆ. ಇದಕ್ಕೆ ಜಾತಿಯಿಲ್ಲ, ಮತವಿಲ್ಲ, ಫೀಜಂತೂ ಇಲ್ಲವೇ ಇಲ್ಲ. ಮುಬೀನಾ ನೆಟ್ಟಗೆ ನಿಲ್ಲಲು ಕಲಿತಾಗಿನಿಂದ ಭಾನುವಾರ ಬೆಳಿಗ್ಗೆ ಆ ಮನೆಯ ಹೊಸ್ತಿಲ ಮುಂದೆ ಜನ ಬೋರಲು ಬಿದ್ದಿರುತ್ತಿದ್ದರು. ಮೆಕ್ಕೆಜೋಳದ ಚೀಲ ಹೊತ್ತು ಸೊಂಟ ಹಿಡಿದ ಹಮಾಲರು, ಕುರಿಹಟ್ಟಿಯ ಹೆಂಗಸರು, ಒಮ್ಮೆ ಒಬ್ಬ ಪೊಲೀಸಪ್ಪ ಕೂಡ ಬಂದಿದ್ದ. ಹಾಲುಗಲ್ಲದ ಹುಡುಗಿ ಪೊಲೀಸಿನವನ ಬೆನ್ನೇರಿ ತುಳಿಯುವುದನ್ನು ನೋಡಲು ಓಣಿಗೆ ಓಣಿಯೇ ನೆರೆದಿತ್ತು.

"ನನ್ನ ಮಗಳ ಕಾಲಾಗ ದವಾಖಾನಿ ಐತ್ರಿ" ಎಂದು ಗುಲ್ಜಾರ್ ಬೀ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಿ, ಆದರೆ ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಬಹಳಷ್ಟು ಜನ ಕುಂಟುತ್ತ ಬಂದು ನೆಟ್ಟಗೆ ನಡೆದು ಹೋಗುತ್ತಿದ್ದರು. ತುಳಿತದಿಂದ ಹೋಯಿತೋ, ತಾನಾಗಿಯೇ ಹೋಯಿತೋ, ಆ ತಕರಾರು ನಮಗೆ ಬೇಡ.

ಆ ಕಾಲಿಗೆ ಇನ್ನೊಂದು ಹುಚ್ಚು ಹಿಡಿದದ್ದು ಬ್ಯಾಸ್ಕೆಟ್‌ಬಾಲಿನಿಂದ. ಊರಿನ ಒಂದು ಕಾಲೇಜಿನ ಬಯಲಿನಲ್ಲಿ ಸಿಮೆಂಟಿನ ಅಂಗಳ, ಎರಡು ಕಡೆ ಎರಡು ತುಕ್ಕು ಹಿಡಿದ ರಿಂಗು. ಅದರ ಒಡೆಯರು ಪಿ.ಟಿ. ಮೇಷ್ಟ್ರು ಪಾಲಾಕ್ಷಪ್ಪ. ಬಾಯಿ ಕುಡುಗೋಲು, ಮನಸ್ಸು ಬೆಣ್ಣೆ. ಮುಬೀನಾಳ ಅಣ್ಣ ಖಲಂದರ ಅವರ ಹುಡುಗರ ತಂಡದಲ್ಲಿದ್ದ. ಅವನಿಗೆ ಊಟದ ಡಬ್ಬಿ ಕೊಡಲು ಬಂದ ತಂಗಿ ಹೊರಗೆ ಉರುಳಿ ಬಂದ ಚೆಂಡನ್ನು ಎತ್ತಿ ಎಸೆದಳು. ಚೆಂಡು ಹೋಗಿ ರಿಂಗಿನೊಳಗೆ ಬಿತ್ತು. ಮೇಷ್ಟ್ರು ಸೀಟಿ ಬಾಯಲ್ಲೇ ಕಚ್ಚಿಕೊಂಡು ನಿಂತುಬಿಟ್ಟರು.

"ಲೇ ಖಲಂದರ, ನಿನ್ನ ತಂಗಿ ನಿನಗಿಂತ ಚಲೋ ಅದಾಳಲೇ!"

ಅವತ್ತಿನಿಂದ ಅವಳು ಹುಡುಗಿಯರ ತಂಡದವಳಾದಳು. ಅಪ್ಪ ಮುರ್ತುಜಾಸಾಬ ಪಂಕ್ಚರ್ ಅಂಗಡಿಯವನು, ಮಾತು ಕಡಿಮೆ. ಒಂದೇ ಷರತ್ತು ಹಾಕಿದ. "ಪಿ.ಯು. ಮುಗಿಯೂತನ ಆಡು. ಆಮ್ಯಾಲ ಸರ್ಕಾರನ ಕರದು ಹಾಸ್ಟೆಲ್ನ್ಯಾಗ ಇಟ್ಕೊಂಡ್ರ ಕಳಸ್ತೀನಿ. ಇಲ್ಲಂದ್ರ ಚೆಂಡು ಬಂದ್, ಮನಿ ಶುರು." ಮುಬೀನಾ ಕುಣಿದಾಡಿಬಿಟ್ಟಳು. ಕ್ರೀಡಾ ಹಾಸ್ಟೆಲ್ಲಿಗೆ ದಾವಣಗೆರೆಯಲ್ಲಿ ಆಯ್ಕೆ ನಡೆಯುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಅಲ್ಲಿ ಆಯ್ಕೆಯಾದರೆ ಓದು, ಊಟ, ಆಟ, ಮೂರೂ ಒಟ್ಟಿಗೆ. ಆಗದಿದ್ದರೆ ಮೂರರಲ್ಲಿ ಉಳಿಯುವುದು ಊಟ ಒಂದೇ, ಅದೂ ಬೇಯಿಸಿ ಬಡಿಸಿದ ಮೇಲೆ.

ಈಗ ಬೂಟಿನ ಕಥೆ ಹೇಳಬೇಕು. ಮೆಕ್ಕೆಜೋಳದ ಮಂಡಿಯ ಸಾಹುಕಾರರೊಬ್ಬರು ವರ್ಷಕ್ಕೊಮ್ಮೆ ಹುಡುಗರ ತಂಡಕ್ಕೆ ಹೊಸ ಬೂಟು ಕೊಡಿಸುತ್ತಿದ್ದರು. ಹುಡುಗರು ಸವೆಸಿ ಬಿಟ್ಟ ಹಳೇ ಬೂಟು ಹುಡುಗಿಯರಿಗೆ ಇಳಿಯುತ್ತಿತ್ತು. ಹುಡುಗಿಯರ ಹಿಮ್ಮಡಿ ಸಣ್ಣದು, ಬೂಟಿನ ಹಿಂಭಾಗ ಅಗಲ. ಮುಂದೆ ಚಿಂದಿ ತುರುಕಿದರೂ ಹಿಂದೆ ಕಾಲು ಲೊಟಲೊಟ ಆಡುತ್ತಿತ್ತು. ಓಡುವಾಗ ಗಕ್ಕನೆ ನಿಂತರೆ ಬೂಟು ನಿಲ್ಲುತ್ತಿತ್ತು, ಕಾಲು ಮುಂದೆ ಹೋಗುತ್ತಿತ್ತು. ಗೆಜ್ಜೆ ಕೂರುವ ಆ ಕೀಲು ಇದೆಯಲ್ಲ, ಹರಡು, ಅದು ಆಗಾಗ ಹೊರಳುತ್ತಲೇ ಇತ್ತು.

ಆದರೆ ಪಾಲಾಕ್ಷಪ್ಪ ಮೇಷ್ಟ್ರನ್ನು ಕೇಳಿದರೆ ಬೇರೆಯೇ ಲೆಕ್ಕ. "ಹುಡುಗ್ರು ಹಾರ್ತಾರ, ಬೀಳ್ತಾರ, ಹರಡು ಉಳುಕಿಸ್ಕೊಂಡು ಕುಂದರ್ತಾರ. ನನ್ನ ಸರ್ವೀಸ್ನ್ಯಾಗ ಒಬ್ಬ ಹುಡುಗಿ ಕಾಲೂ ಉಳುಕಿಲ್ಲ ನೋಡ್ರಿ. ಹೆಣ್ಣುಮಕ್ಕಳ ಎಲುಬು ಬಳ್ಳಿ ಇದ್ದಂಗ, ಬಾಗ್ತೈತಿ, ಮುರಿಯೂದಿಲ್ಲ" ಎಂದು ಬೇರೆ ಊರಿನ ಮೇಷ್ಟ್ರುಗಳ ಮುಂದೆ ಎದೆಯುಬ್ಬಿಸುತ್ತಿದ್ದರು. ಹಿಂದೆ ನಿಂತ ಹುಡುಗಿಯರು ಮುಖ ಮುಖ ನೋಡಿಕೊಂಡು ನಗು ನುಂಗುತ್ತಿದ್ದರು.

ಅಯ್ಯೋ ಮೇಷ್ಟ್ರೇ! ಸಾಕ್ಸ್ ಕೆಳಗೆ ಇಳಿಸಿ ಒಮ್ಮೆ ನೋಡಿದ್ದರೆ ಆಗುತ್ತಿತ್ತಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ಹುಡುಗಿಯರು ಬಳೆ ತೋರಿಸಿಕೊಂಡಂತೆ ಹರಡು ತೋರಿಸಿಕೊಳ್ಳುತ್ತಿದ್ದರು. ಒಬ್ಬಳದು ಬದನೆಕಾಯಿ ಬಣ್ಣ, ಇನ್ನೊಬ್ಬಳದು ಊದಿ ಎಲುಬೇ ಕಾಣುತ್ತಿರಲಿಲ್ಲ. ಮುಬೀನಾ ಅಪ್ಪನ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ತರುತ್ತಿದ್ದಳು. ಅದನ್ನು ಬಿಗಿಯಾಗಿ ಸುತ್ತಿ, ಮೇಲೆ ಸಾಕ್ಸ್ ಎಳೆದು, ಹಲ್ಲು ಕಚ್ಚಿ ಆಡುತ್ತಿದ್ದರು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಹುಡುಗ ಬಿದ್ದರೆ "ಗಂಡಸು, ಬಿದ್ದಾನ" ಎನ್ನುವ ಮನೆಗಳಲ್ಲೇ ಹುಡುಗಿ ಬಿದ್ದರೆ "ಸಾಕು, ಇನ್ನ ಆಟ ಬಿಡು" ಎನ್ನುವುದು ಅವರಿಗೆ ಗೊತ್ತಿತ್ತು. ತಂಡದಲ್ಲಿ ಮುಬೀನಾಳ ಜೀವದ ಗೆಳತಿ ಕ್ರಾಂತಿ. ಕುರಿ ಕಾಯುವ ಮನೆಯಿಂದ ಆಟಕ್ಕಾಗಿಯೇ ಅತ್ತು ಕರೆದು ಕಾಲೇಜಿಗೆ ಸೇರಿದವಳು. "ಕಾಲು ಹೋದ್ರ ಹೋಗ್ಲಿ, ಬಾಯಿ ಬಿಟ್ರ ಆಟಾನ ಹೋಗ್ತೈತಿ" ಎಂದು ಆಕೆಯೇ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದಳು.

ಆ ವರ್ಷ ಹಡಗಲಿಯಲ್ಲಿ ನಡೆದ ಪಂದ್ಯದಲ್ಲಿ ಖಲಂದರ ಹಾರಿ ಇಳಿಯುವಾಗ ಎದುರಾಳಿಯ ಪಾದದ ಮೇಲೆ ಕಾಲಿಟ್ಟು ಬಿದ್ದ. ಅವನು ಚೀರಿದ ಚೀರಿಗೆ ಆಟವೇ ನಿಂತಿತು. ಸೋಡಾ ಅಂಗಡಿಯಿಂದ ಐಸು ಬಂತು, ನಾಲ್ಕು ಜನ ಎತ್ತಿಕೊಂಡರು, ಯಾರದೋ ಕಾರು ಬಂತು. ಮನೆಗೆ ತಂದಾಗ ಗುಲ್ಜಾರ್ ಬೀ ಎದೆ ಬಡಿದುಕೊಳ್ಳುತ್ತ, "ಬಾ ಮುಬೀನಾ, ಅಣ್ಣನ ಕಾಲು ತುಳಿ" ಎಂದಳು. ಪಾಲಾಕ್ಷಪ್ಪ ಅಡ್ಡ ನಿಂತರು.

"ಬ್ಯಾಡ್ರಿ ಅಮ್ಮಾರ! ಒಳಗ ಎಲುಬು ಮುರದಿದ್ರ ತುಳದ್ರ ಇನ್ನಷ್ಟು ಸರದು ಕೂಡಲಾರದಂಗ ಆಗ್ತೈತಿ. ಮದಲ ಎಕ್ಸ್‌ರೇ."

"ಹೌದೌದ್ರಿ, ಹುಡುಗನ ಕಾಲು. ನಾಳೆ ದುಡಿಯೋ ಕಾಲು" ಎಂದು ಆಕೆ ತಟ್ಟನೆ ಒಪ್ಪಿದಳು. ದಾವಣಗೆರೆಗೆ ಹೋದರು. ಎಲುಬು ಬಿರುಕು ಬಿಟ್ಟಿತ್ತು. ಪ್ಲಾಸ್ಟರ್ ಹಾಕಿದರು. ಖಲಂದರ ಮಂಚದ ಮೇಲೆ ಸುಲ್ತಾನನಂತೆ ಒರಗಿ ಪಾಯಾ ಶೋರ್ವಾ, ಅಂದರೆ ಆಡಿನ ಕಾಲಿನ ಸಾರು, ಕುಡಿದ. ಗೆಳೆಯರು ಬಂದು ಅವನ ಬಿಳಿ ಪ್ಲಾಸ್ಟರಿನ ಮೇಲೆ ಹೆಸರು ಬರೆದರು. ಮುಬೀನಾ ಅವನಿಗೆ ಬಟ್ಟಲು ಕೊಟ್ಟಳು, ಬಟ್ಟಲು ತೊಳೆದಳು. ಅಣ್ಣನೆಂದರೆ ಅವಳಿಗೆ ಪ್ರಾಣ, ಅವಳಿಗೆ ಆಗ ಹೊಟ್ಟೆಕಿಚ್ಚೇನೂ ಆಗಲಿಲ್ಲ.

ಆಯ್ಕೆಗೆ ಇನ್ನು ಕೆಲವೇ ವಾರ ಇದ್ದಾಗ ಅಭ್ಯಾಸದಲ್ಲಿ ಅವಳೂ ಬಿದ್ದಳು. ಅಣ್ಣ ಬಿದ್ದ ಹಾಗೆಯೇ. ರಿಂಗಿಗೆ ಬಡಿದು ಬಂದ ಚೆಂಡಿಗೆ ಹಾರಿ, ಇಳಿಯುವಾಗ ಕ್ರಾಂತಿಯ ಬೂಟಿನ ಮೇಲೆ ಎಡಗಾಲು ಬಿತ್ತು. ಒಳಗೆ ಏನೋ ಹರಿದ ಸದ್ದು ಅವಳಿಗೊಬ್ಬಳಿಗೇ ಕೇಳಿತು. ಕಣ್ಣು ಕತ್ತಲಿಟ್ಟಿತು. ಚೀರು ಗಂಟಲಿಗೆ ಬಂದದ್ದನ್ನು ಹಾಗೇ ನುಂಗಿ, "ಬೂಟಿನ ದಾರ ಬಿಚ್ಚೇತ್ರಿ ಸರ್" ಎಂದು ಬಗ್ಗಿ ಕೂತಳು. ಮೇಷ್ಟ್ರು ಹುಡುಗರ ಕಡೆ ತಿರುಗಿಕೊಂಡರು. ಕ್ರಾಂತಿ ಪಕ್ಕದಲ್ಲಿ ಕೂತು ಟ್ಯೂಬಿನ ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿದಳು.

ಮನೆಯಲ್ಲಿ ಹೇಗೋ ಮುಚ್ಚಿಟ್ಟಳು. ಆದರೆ ಭಾನುವಾರ ಬಿಡಬೇಕಲ್ಲ! ಕುರಿಹಟ್ಟಿಯ ಹೆಂಗಸೊಬ್ಬಳು ಸೊಂಟ ಹಿಡಿದುಕೊಂಡು ಬಂದು ಹೊಸ್ತಿಲ ಮುಂದೆ ಮಲಗಿದಳು. ಮುಬೀನಾ ಬಲಗಾಲು ಮುಂದಿಟ್ಟಳು.

"ಏ, ಎಡಗಾಲು! ನಿದ್ದಿಗಣ್ಣಾಗ ಅದೀಯೇನ?" ಎಂದಳು ಗುಲ್ಜಾರ್ ಬೀ.

ಎಡಗಾಲಿಟ್ಟಳು. ಭಾರ ಬಿಟ್ಟಳು. ಮಲಗಿದ ಹೆಂಗಸಿಗಿಂತ ಮುಂಚೆ ಇವಳೇ "ಯಾ ಅಲ್ಲಾ" ಎಂದು ಕೂಗಿ ಗೋಡೆಗೆ ಒರಗಿದಳು. ಆ ಹೆಂಗಸು ಎದ್ದು ಸೊಂಟ ತಿರುವಿ ನೋಡಿಕೊಂಡು, "ನನ್ನ ಉಳುಕು ಹುಡುಗಿಗೆ ಇಳೀತು ನೋಡವ್ವ, ನಾನು ಹಗೂರಾದೆ" ಎಂದು ಕೈಮುಗಿದು ಹೋದಳು. ಗುಲ್ಜಾರ್ ಬೀ ಬಾಗಿಲು ಹಾಕಿ ಮಗಳ ಪೈಜಾಮ ಮೇಲೆತ್ತಿದಳು. ಹರಡು ಕುಂಬಳದಂತೆ ಊದಿ ಕರಿನೀಲಿಯಾಗಿತ್ತು.

ತಾಯಿಯ ಜೀವ ಹಾರಿಹೋಯಿತು. ಅವಳು ದಡ್ಡಿಯಲ್ಲ, ಕಲ್ಲೆದೆಯವಳಂತೂ ಮೊದಲೇ ಅಲ್ಲ. ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆದರೆ ಅತ್ತು ಮುಗಿಸಿ ಮೊದಲು ಆಡಿದ ಮಾತು ಇದು:

"ಯಾರಿಗೂ ಹೇಳಬ್ಯಾಡ. ಅಬ್ಬಾಗಂತೂ ಬ್ಯಾಡ. ಉಳುಕು ತೆಗೆಯೋ ಕಾಲ ಉಳುಕೈತಿ ಅಂದ್ರ ಜನ ಏನಂದಾರು? ಪ್ಲಾಸ್ಟರ್ ಹಾಕ್ಕೊಂಡು ಕುಂತ್ರ ನಾಳೆ ನಿನ್ನ ಕೇಳಾಕ ಬಂದೋರು ‘ಯಾವ ಕಾಲು ಮುರದಿತ್ತು’ ಅಂತ ಮದಲ ಕೇಳ್ತಾರ."

"ಅಮ್ಮಿ, ಅಣ್ಣನಂಗ ನಂಗೂ ಎಕ್ಸ್‌ರೇ ಮಾಡ್ಸಿದ್ರ?" ಎಂದಳು ಮುಬೀನಾ ಮೆಲ್ಲಗೆ.

"ಅವನು ಗಂಡು ಹುಡುಗ ಬೇಟಿ. ಅವನ ಕಾಲು ಮುರದಿದ್ರೂ ಕಾಲನ. ನಿಂದು ಹಂಗಲ್ಲ. ನಿನಗ ಬ್ಯಾರೆ ದವಾ ಐತಿ."

ಬೇರೆ ದವಾ ಎಂದರೆ ಏನು? ಉಳುಕು ತೆಗೆಯುವವಳಿಗೇ ಉಳುಕಿದರೆ ಅವಳಂತೆಯೇ ಕಾಲು ಮುಂದಾಗಿ ಹುಟ್ಟಿದ ಇನ್ನೊಬ್ಬರು ತುಳಿಯಬೇಕು. ಕಾನಹೊಸಹಳ್ಳಿಯ ಹತ್ತಿರ ನಾಗಪ್ಪ ಎಂಬ ಕುರಿಗಾರ ಮುದುಕ ಅಂಥವನು ಎಂದು ಗುಲ್ಜಾರ್ ಬೀ ಕೇಳಿದ್ದಳು. ಮಗನ ಕಾಲಿಗೆ ಮಗಳ ಹಗುರ ತುಳಿತವೇ ಅಪಾಯ ಎಂದು ಒಪ್ಪಿದವಳು, ಮಗಳ ಕಾಲನ್ನು ತುಳಿಸಲು ಬಸ್ ಹತ್ತಿದಳು. ಮೇಷ್ಟ್ರ ಮಾತು ಅವಳಿಗೆ ಮರೆತಿರಲಿಲ್ಲ. ಅದು ಹುಡುಗರ ಎಲುಬಿನ ಮಾತು ಎಂದುಕೊಂಡಿದ್ದಳು, ಅಷ್ಟೇ. ಮುಬೀನಾ ಕೂಡ ಹೋದಳಲ್ಲ ಎಂದು ನೀವು ಕೇಳಬಹುದು. ತನ್ನ ಕಾಲನ್ನು ಊರೇ ನಂಬಿರುವಾಗ ಅವಳೊಬ್ಬಳು ಹೇಗೆ ನಂಬದಿದ್ದಾಳು? ತಾನು ತುಳಿದವರೆಲ್ಲ ನೆಟ್ಟಗಾದದ್ದನ್ನು ಕಣ್ಣಾರೆ ಕಂಡವಳು.

ಕೊಟ್ಟೂರಿನಲ್ಲಿ ಬಸ್ ಬದಲಿಸಿ ಹೋದರು. ನಾಗಪ್ಪ ಬಾಗಿಲಲ್ಲೇ ಕಂಬಳಿ ಹಾಸಿಕೊಂಡು ಕೂತಿದ್ದ. ಆಳು ದೊಡ್ಡದು, ನಗು ಮಗುವಿನದು. "ನೀನೂ ನನ್ನಂಗ ಉಲ್ಟಾ ಬಂದಾಕಿ ಏನವ್ವ? ಹೆದರಬ್ಯಾಡ" ಎಂದು ಮೈಲಾರಲಿಂಗನನ್ನು ನೆನೆದು ಅವಳ ತಲೆಯ ಮೇಲೆ ಕೈಯಿಟ್ಟ. ಕಂಬಳಿಯ ಮೇಲೆ ಮಲಗಿಸಿ, ಊದಿದ ಹರಡಿನ ಮೇಲೆ ತನ್ನ ಒರಟು ಹಿಮ್ಮಡಿಯನ್ನಿಟ್ಟು ಮೈಭಾರವನ್ನೆಲ್ಲ ಬಿಟ್ಟ. ಲಟ್ ಎಂದಿತು. ಮುಬೀನಾ ತಾಯಿಯ ಸೆರಗನ್ನು ಬಾಯಲ್ಲಿ ತುರುಕಿಕೊಂಡು ಹೊರಳಾಡಿದಳು.

"ಕುಂತಿತು! ಕೀಲು ಕುಂತಿತು!" ಎಂದು ಗುಲ್ಜಾರ್ ಬೀ ಸಂತೋಷದಿಂದ ಮಗಳ ಹಣೆಗೆ ಮುತ್ತಿಟ್ಟಳು. ಮುದುಕ ಎಲೆ ಅಡಿಕೆ ಕೊಟ್ಟು ಕಳಿಸಿದ. ಬಸ್ಸಿನಲ್ಲಿ ತಾಯಿ ದಾರಿಯುದ್ದಕ್ಕೂ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು.

ಊತ ಸ್ವಲ್ಪ ಇಳಿಯಿತು. ನೋವು ಇಳಿಯಲಿಲ್ಲ. ಇಳಿಯುತ್ತದೆ ಇಳಿಯುತ್ತದೆ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡರು. ಮುಬೀನಾ ನಮಾಜಿಗೆ ಕೂತಾಗ ಆ ಕಾಲನ್ನು ಮಡಿಸಲು ಬರುತ್ತಿರಲಿಲ್ಲ, ಓರೆಯಾಗಿ ಕೂರುತ್ತಿದ್ದಳು. ದುವಾದಲ್ಲಿ ಬೇಡಿದ್ದು ಒಂದೇ. ಆಯ್ಕೆಯ ದಿನ ಒಂದು ತಾಸು ತಡೆದುಕೊಳ್ಳಲಿ, ಆಮೇಲೆ ಏನಾದರೂ ಆಗಲಿ.

ಆಯ್ಕೆಯ ದಿನ ಮುರ್ತುಜಾಸಾಬ ಅಂಗಡಿ ಬಾಗಿಲು ಹಾಕಿ ತಾನೇ ಮಗಳನ್ನು ದಾವಣಗೆರೆಗೆ ಕರೆದುಕೊಂಡು ಹೋದ. ಮುಬೀನಾ ಮೊದಲ ಹೊತ್ತು ಆಡಿದ ಆಟ ನೋಡಿ ಆಯ್ಕೆ ಮಾಡುವವರು ತಲೆ ಎತ್ತಿ ಅವಳ ಹೆಸರು ಕೇಳಿದರು. ಅಪ್ಪನ ಮುಖದಲ್ಲಿ ಅವಳು ಹಿಂದೆಂದೂ ಕಾಣದ ಕಳೆ. ಹಾಳಾದ್ದು ಆ ಕಳೆಯೇ ಅವಳನ್ನು ಕೆಡಿಸಿತು. ನೋವನ್ನು ಮರೆತು, ಸುಮ್ಮನೆ ಬಿಟ್ಟುಬಿಡಬಹುದಾಗಿದ್ದ ಚೆಂಡಿಗೆ ಮೈಯೆಲ್ಲ ಚಾಚಿ ಹಾರಿದಳು. ಇಳಿದಾಗ ಎಡಗಡೆ ಕಾಲೇ ಇಲ್ಲದಂತಾಯಿತು. ಅಂಗಳದ ನಡುವೆ ಕುಸಿದಳು. ಈ ಸಲ ಚೀರನ್ನು ನುಂಗಲು ಆಗಲಿಲ್ಲ.

ಅಲ್ಲಿದ್ದ ಡಾಕ್ಟರಮ್ಮ ಸಾಕ್ಸ್ ಇಳಿಸಿ, ಟ್ಯೂಬಿನ ಪಟ್ಟಿ ಬಿಚ್ಚಿ, ಊತವನ್ನು ಬೆರಳಿನಿಂದ ಒತ್ತಿ ನೋಡಿದರು. ಎಕ್ಸ್‌ರೇ ಆಯಿತು. ಹಳೇ ಬಿರುಕು ಸರಿದು ವಕ್ರವಾಗಿ ಕೂಡಿಕೊಳ್ಳತೊಡಗಿತ್ತು, ಕೀಲು ಹಿಡಿದಿಡುವ ಕಟ್ಟುಗಳು ಹರಿದು ಚೂರಾಗಿದ್ದವು. ಆಪರೇಷನ್ ಮಾಡಿದರೆ ನಡೆಯಬಹುದು, ಸ್ವಲ್ಪ ಕುಂಟು ಉಳಿಯುತ್ತದೆ, ಆಟದ ಆಸೆ ಬಿಡಬೇಕು ಎಂದರು. ಆಮೇಲೆ ಮುರ್ತುಜಾಸಾಬನಿಗೆ ಬೇಸತ್ತ ದನಿಯಲ್ಲಿ ಹೇಳಿದರು.

"ಹುಡುಗಿಯರ ಕಾಲೇ ಹೆಚ್ಚು ಉಳುಕೋದು ಸಾಹೇಬರೆ, ಆದರೆ ಹೆಚ್ಚಿನವು ಸಣ್ಣ ಉಳುಕು. ವಾರ ಕೂರಿಸಿ ಆರೈಕೆ ಮಾಡಿದರೆ ಹೋಗುವಂಥವು. ಹುಡುಗರು ಬಿದ್ದ ಕೂಡಲೇ ಕೂಗ್ತಾರೆ, ಅವತ್ತೇ ಬರ್ತಾರೆ. ಇವರು ಸಣ್ಣದನ್ನ ಮುಚ್ಚಿಟ್ಟು ಮುಚ್ಚಿಟ್ಟು ದೊಡ್ಡದು ಮಾಡ್ಕೊಂಡು ಬರ್ತಾರೆ. ಮೊದಲ ದಿನ ಬಂದಿದ್ದರೆ ಒಂದು ಪ್ಲಾಸ್ಟರ್ ಸಾಕಿತ್ತು."

ಮನೆಗೆ ಬಂದ ಮೇಲೆ ಸಂಗತಿಯೆಲ್ಲ ಹೊರಬಿತ್ತು. ಎಂದೂ ದನಿ ಎತ್ತದ ಮುರ್ತುಜಾಸಾಬ ಓಣಿಗೆ ಕೇಳುವಂತೆ ಕೂಗಿದ. "ಮಗನ್ನ ದಾವಣಗೆರಿಗೆ ಒಯ್ದಿ, ಮಗಳನ್ನ ಮುದುಕನ ಕಾಲ ಕೆಳಗ ಹಾಕಿದೇನ?" ಗುಲ್ಜಾರ್ ಬೀ ತಲೆ ಎತ್ತಲಿಲ್ಲ. "ಆಕಿ ಹೆಸರು ಕೆಡಬಾರ್ದು ಅಂತ ಮಾಡಿದೆ" ಎಂದಷ್ಟೇ ಹೇಳಿದಳು. ಖಲಂದರ ಹೊರಗಿನ ಕಟ್ಟೆಯ ಮೇಲೆ ಕೂತು ಅಳುತ್ತಿದ್ದ. ಅವನ ಕಾಲು ನೆಟ್ಟಗಾಗಿ ಆಗಲೇ ಅಭ್ಯಾಸಕ್ಕೆ ಹೋಗುತ್ತಿದ್ದ. ಮುಬೀನಾಳಿಗೆ ತಾಯಿಯ ಮೇಲೆ ಬೆಂಕಿಯಂಥ ಸಿಟ್ಟು ಬಂತು. ಸಿಟ್ಟು ಮಾಡಿ ಬಾಯಿ ತೆರೆದರೆ ಬಸ್ಸಿನಲ್ಲಿ ತನ್ನ ಕಾಲನ್ನು ಇಟ್ಟುಕೊಂಡಿದ್ದ ಆಕೆಯ ತೊಡೆ ನೆನಪಾಗಿ ಅಳು ಬಂತು. ಎರಡೂ ಒಟ್ಟಿಗೆ ಬಂದರೆ ಮನುಷ್ಯ ಏನು ಮಾಡಬೇಕು? ಗೋಡೆಯ ಕಡೆ ತಿರುಗಿ ಮಲಗಿದಳು.

ಆಪರೇಷನ್ ಆಗಿ, ಊರುಗೋಲು ಬಂದ ಮೇಲೆ ಒಂದು ಸಂಜೆ ಅವಳು ಕಾಲೇಜಿನ ಬಯಲಿಗೆ ಹೋದಳು. ಹುಡುಗಿಯರು ಆಡುತ್ತಿದ್ದರು. ಅಂಗಳದ ಮೂಲೆಯಲ್ಲಿ ಕ್ರಾಂತಿ ಬೆನ್ನು ತಿರುಗಿಸಿ ಕೂತು ಹರಡಿಗೆ ಟ್ಯೂಬು ಬಿಗಿಯುತ್ತಿದ್ದಳು. ಬಿಗಿಯುವಾಗ ಅವಳ ಭುಜ ನಡುಗಿದ್ದು ಮುಬೀನಾಳಿಗೆ ಕಾಣಿಸಿತು. ಅವಳಿಗೆ ಇನ್ನು ತಡೆಯಲಾಗಲಿಲ್ಲ. ನೆಟ್ಟಗೆ ಪಾಲಾಕ್ಷಪ್ಪ ಮೇಷ್ಟ್ರ ಮುಂದೆ ಹೋಗಿ ನಿಂತಳು.

"ಸರ್, ಇವರಿಗೆಲ್ಲ ಬೂಟು ಸಾಕ್ಸ್ ತೆಗೀರಿ ಅನ್ರಿ."

"ಯಾಕವ್ವ?"

"ಒಮ್ಮೆ ಅನ್ರಿ ಸರ್. ನಿಮ್ಮ ಕಾಲಿಗೆ ಬೀಳ್ತೀನಿ."

ಹುಡುಗಿಯರು ಅವಳನ್ನು ದುರುಗುಟ್ಟಿ ನೋಡಿದರು. ಕ್ರಾಂತಿ ತಲೆ ಅಡ್ಡಡ್ಡ ಆಡಿಸಿದಳು, ಬೇಡ, ಬೇಡ ಎಂದು. ಮೇಷ್ಟ್ರು ಸೀಟಿ ಊದಿ ಹೇಳಿಯೇಬಿಟ್ಟರು. ಒಬ್ಬೊಬ್ಬರಾಗಿ ಸಾಕ್ಸ್ ಇಳಿಸಿದರು. ಸಾಲಾಗಿ ನಿಂತ ಬರಿಗಾಲುಗಳನ್ನು ಮೇಷ್ಟ್ರು ಬಗ್ಗಿ ನೋಡುತ್ತ ಹೋದರು. ನೀಲಿ, ಹಳದಿ, ಊತ, ಟ್ಯೂಬು ಕೊರೆದ ಗೆರೆ. ಕೊನೆಯವರೆಗೆ ಹೋಗಿ ಸಿಮೆಂಟಿನ ಮೇಲೆ ಕೂತುಬಿಟ್ಟರು. "ಇಷ್ಟು ದಿನ ನನ್ನ ಕಣ್ಣಿಗೇನು ಬಡದಿತ್ತವ್ವ" ಎಂದು ಹಣೆ ಚಚ್ಚಿಕೊಂಡರು. ಮುಬೀನಾಳಿಗೆ ಬಿದ್ದ ಮೇಲೆ ಮೊದಲ ಸಲ ಎದೆ ಹಗುರವಾಯಿತು. ಇನ್ನು ಇವರಿಗೆ ಡಾಕ್ಟರು ಬರುತ್ತಾರೆ, ಅಳತೆಯ ಬೂಟು ಬರುತ್ತದೆ, ಒಂದಿಷ್ಟು ದಿನ ವಿಶ್ರಾಂತಿ ಸಿಗುತ್ತದೆ ಎಂದುಕೊಂಡಳು.

ಮೇಷ್ಟ್ರು ಪ್ರಿನ್ಸಿಪಾಲರ ಹತ್ತಿರ ಹೋದರು. ಪ್ರಿನ್ಸಿಪಾಲರು ಹೆದರಿದರು. ನಾಳೆ ಇನ್ನೊಬ್ಬ ಹುಡುಗಿಗೆ ಹೀಗಾದರೆ ಹೊಣೆ ಯಾರು? ತಂದೆತಾಯಿಗಳನ್ನು ಕರೆಸಿದರು. ಅವರಲ್ಲಿ ಒಬ್ಬರೂ ಬೂಟು ಕೇಳಲಿಲ್ಲ, ಡಾಕ್ಟರನ್ನು ಕೇಳಲಿಲ್ಲ. "ಮದಲ ಆಟ ಬಿಡಸ್ರಿ" ಎಂದರು. ಆ ವಾರವೇ ಹುಡುಗಿಯರ ತಂಡ ಮುಚ್ಚಿತು. ಹುಡುಗರಿಗೆ ಎರಡೂ ಕಡೆಯ ರಿಂಗು ಸಿಕ್ಕವು. ಪಾಲಾಕ್ಷಪ್ಪ ಮನೆಗೇ ಬಂದು, ಕಣ್ಣಲ್ಲಿ ನೀರು ತಂದುಕೊಂಡು, "ನಿನ್ನಿಂದ ಆ ಮಕ್ಕಳ ಕಾಲು ಉಳೀತವ್ವ" ಎಂದು ಮುಬೀನಾಳಿಗೆ ಹೇಳಿ ಹೋದರು. ಅವರು ಮನಸಾರೆ ಹೇಳಿದರು, ಅದೇ ದೊಡ್ಡ ಕಷ್ಟ.

ಮಾರನೆಯ ದಿನ ಕ್ರಾಂತಿ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಬಾಗಿಲಲ್ಲೇ ನಿಂತಳು.

"ನಾಳಿಂದ ಹಟ್ಟಿ ಕಡೆ ಕೆಲಸ ನೋಡು ಅಂದಾರ ಮನ್ಯಾಗ. ಕಾಲೇಜೂ ಬಂದ್."

"ನೀನೂ ನನ್ನಂಗ ಆಗಬಾರ್ದು ಅಂತ ಹೇಳಿದ್ನೇ" ಎಂದಳು ಮುಬೀನಾ.

"ಆಗೀನಲ್ಲ ಈಗ ನಿನ್ನಂಗ." ಕ್ರಾಂತಿ ಅಳಲಿಲ್ಲ, ಕೂಗಲೂ ಇಲ್ಲ. "ನಿನಗಾದ್ರ ಕಾಲು ಮುರದೈತಿ, ಮನ್ಯಾಗ ಕುಂತೀಯ. ನನಗೇನು ಮುರದೈತಿ ಅಂತ ಕುಂದರ್ಲಿ?"

ಅಷ್ಟು ಹೇಳಿ ಹೋದಳು. ಈಗ ಮುಬೀನಾ ಅಪ್ಪನ ಅಂಗಡಿಯಲ್ಲಿ ಕೂರುತ್ತಾಳೆ, ಗಾಳಿ ಹಾಕುತ್ತಾಳೆ, ಬಂದವರೊಡನೆ ನಗುತ್ತ ಮಾತಾಡುತ್ತಾಳೆ. ಹಳೇ ಟ್ಯೂಬು ಕೈಗೆ ಬಂದರೆ ಮಾತ್ರ ಕ್ರಾಂತಿ ಕೇಳಿದ ಮಾತು ನೆನಪಾಗಿ, ಅದನ್ನು ಗುಜರಿ ಚೀಲದ ತಳಕ್ಕೆ ತುರುಕುತ್ತಾಳೆ.